ನನ್ನ ಷಡ್ಡಕನೂ ಅವನ ಕಲ್ಲಿದ್ದಲ ಡ್ರಮ್ಮೂ

ಕಲ್ಲಿದ್ದಲು ಪೂರ್ತಿ ಉರಿಯಬಾರದು ಎಂದೇ ಒಲೆ ಕಟ್ಟಿದವನು ಈ ಭೂಮಂಡಲದಲ್ಲಿ ಯಾರಾದರೂ ಇದ್ದರೆ ಅವನು ನನ್ನ ಷಡ್ಡಕನೊಬ್ಬನೇ! ಅಂದರೆ, ನನ್ನ ಹೆಂಡತಿಯ ತಂಗಿಯ ಗಂಡ. ಸೋಮನೂರಿನಲ್ಲಿ ನಮ್ಮಿಬ್ಬರ ಮಗ್ಗದ ಶೆಡ್ಡುಗಳು ಅಕ್ಕಪಕ್ಕ. ಎಂಬತ್ತರ ದಶಕದ ಆ ದಿನಗಳಲ್ಲಿ ಕರೆಂಟು ಯಾವಾಗ ಬರುತ್ತದೆಂದು ಹೇಳಬಲ್ಲ ಜ್ಯೋತಿಷಿ ಇಡೀ ಕೊಯಮತ್ತೂರು ಜಿಲ್ಲೆಯಲ್ಲಿ ಇರಲಿಲ್ಲ. ಕರೆಂಟು ಹೋದರೆ ನಾನು ಜಗಲಿಯಲ್ಲಿ ಬೀಸಣಿಗೆ ಹಿಡಿದು ಕೂರುತ್ತಿದ್ದೆ. ಅವನೋ, ಹಳೆಯ ಡ್ರಮ್ಮಿನೊಳಗೆ ಇಟ್ಟಿಗೆ ಕಟ್ಟಿ, ಕಲ್ಲಿದ್ದಲು ತುಂಬಿ, ಕೆಳಗಿನಿಂದ ಚೂರೇ ಚೂರು ಗಾಳಿ, ಜೊತೆಗೆ ನೀರಿನ ಹಬೆ ಬಿಟ್ಟು, ಬಂದ ಅನಿಲವನ್ನು ಎಂಜಿನ್ನಿಗೆ ಕುಡಿಸಿ ಮಗ್ಗ ಓಡಿಸಿಬಿಟ್ಟ!

"ಪೂರ್ತಿ ಉರ್ದ್ರೆ ಬೂದಿ ಅಣ್ಣ, ಅರ್ಧ ಉರ್ದ್ರೆ ಗ್ಯಾಸು. ಹಬೆಗೆ ಬೇರೆ ಒಲೆ ಬ್ಯಾಡ, ಎಂಜಿನ್ ಹೊಗೆ ಬಿಸೀಲೇ ನೀರು ಕಾಯ್ತದೆ. ಒಂದ್ ಚೂರೂ ವೇಸ್ಟ್ ಆಗ್ಬಾರ್ದು" ಎನ್ನುತ್ತಿದ್ದ.

"ಮಾಪ್ಳೆ ಅಂದ್ರೆ ಇಂಗಿರ್ಬೇಕು!" ಎಂದು ಮಾವ ಕಿರಿಯಳಿಯನ ಬೆನ್ನು ತಟ್ಟಿದರು. ಅದೂ ದೊಡ್ಡ ಅಳಿಯನಾದ ನನ್ನ ಎದುರಿಗೇ! ಹೊಟ್ಟೆ ಉರಿಯದೆ ಇರುತ್ತದೆಯೇ?

ಆಯುಧಪೂಜೆಯ ದಿನ ಮಗ್ಗ ನಿಲ್ಲಿಸಿದ್ದರೂ ಡ್ರಮ್ಮು ಆರಿರಲಿಲ್ಲ. ಅತ್ತೆ ಮಗ್ಗಗಳಿಗೆಲ್ಲ ವಿಭೂತಿ ಬಳಿದು, ಡ್ರಮ್ಮಿನ ಕೊಳವೆಗೂ ಕರ್ಪೂರದಾರತಿ ಎತ್ತಿದರು. ಭುಸ್ಸೆಂದು ನೀಲಿ ಜ್ವಾಲೆ! ಅತ್ತೆಯ ಅರ್ಧ ಹುಬ್ಬು ಹೋಯಿತು. ಇವನ ಕಥೆ ಇವತ್ತಿಗೆ ಮುಗಿಯಿತು ಎಂದು ನಾನು ಒಳಗೊಳಗೇ ಹಿಗ್ಗಿದೆ. ಅತ್ತೆ ಕೈಮುಗಿದು, "ನೋಡ್ರಪ್ಪ, ಸಾಮಿನೇ ಜ್ಯೋತಿ ಕಾಣ್ಸವ್ನೆ!" ಅಂದುಬಿಡುವುದೇ? ನಾನು ಏಳು ವರ್ಷದಿಂದ ಅಳಿಯ. ನನ್ನಲ್ಲಿ ಅವರಿಗೆ ಒಂದು ಕಿಡಿಯೂ ಕಂಡಿರಲಿಲ್ಲ!

ಆಗಲಿ, ನಾನೇನು ಕಡಿಮೆ? ನಾನೂ ಒಂದು ಡ್ರಮ್ಮು ತಂದೆ. ಗಾಳಿ ಕಮ್ಮಿ ಬಿಡುವುದು ಅವನ ಜಿಪುಣತನ ಎಂದು ನಂಬಿ, ಬ್ಲೋವರ್ ಹಚ್ಚಿ ಧಾರಾಳವಾಗಿ ಊದಿದೆ. ಕಲ್ಲಿದ್ದಲು ಧಗಧಗ ಉರಿದು ಬೂದಿಯಾಯಿತು, ಎಂಜಿನ್ನು ಕೆಮ್ಮಲೂ ಇಲ್ಲ. ಹಬೆಗೆಂದು ಇಟ್ಟ ನೀರು ಮಾತ್ರ ಚೆನ್ನಾಗಿ ಕಾದು ಮನೆಮಂದಿಗೆಲ್ಲ ಎಣ್ಣೆಸ್ನಾನವಾಯಿತು.

"ದಿನಾ ಇಂಗೇ ಮಾಡಿ, ಸೌದೆ ಮಿಗ್ತದೆ" ಅಂದಳು ನನ್ನ ಹೆಂಡತಿ.

ಗಾಳಿ ಎಷ್ಟು, ಹಬೆ ಎಷ್ಟು? ಅವನನ್ನು ಕೇಳಲು ನನಗೆ ಬಾಯಿ ಬರಬೇಕಲ್ಲ! ಒಂದು ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ಅವನ ಶೆಡ್ಡಿಗೆ ನುಗ್ಗಿದೆ. ಯಾರೂ ನೋಡಬಾರದೆಂದು ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿ, ಬಟ್ಟೆ ಹಿಡಿದು ಡ್ರಮ್ಮಿನ ಮುಚ್ಚಳ ಸಡಿಲಿಸಿ ಬಗ್ಗಿದೆ. ಆ ಅನಿಲ ಕಣ್ಣಿಗೂ ಕಾಣದೆ, ಮೂಗಿಗೂ ತಿಳಿಯದೆ ಕೊಲ್ಲುತ್ತದೆಂದು ನನಗೇನು ಗೊತ್ತು? ತಲೆ ಸುತ್ತಿತು. ಮುಂದಿನದು ನೆನಪಿಲ್ಲ.

ಕಣ್ಣು ಬಿಟ್ಟಾಗ ಬೇವಿನ ಮರದ ಕೆಳಗೆ ಮಲಗಿದ್ದೆ. ಸುತ್ತ ಮನೆಯವರೆಲ್ಲ ನಿಂತಿದ್ದರು. ನನ್ನನ್ನು ಎಳೆದು ತಂದು, ಕಾದ ಮುಚ್ಚಳವನ್ನು ಬರಿಗೈಯಲ್ಲೇ ಮುಚ್ಚಿದ ಷಡ್ಡಕನ ಅಂಗೈ ತುಂಬ ಬೊಬ್ಬೆ.

"ಇವ್ರು ಅಲ್ಲಿಗೆ ಏನಕ್ಕೆ ಹೋದ್ರು?" ಮಾವ ಗುಡುಗಿದರು.

"ನಾನೇ ಮುಚ್ಚಳ ನೋಡ್ಕೊಂಡ್ ಬಾ ಅಂತ ಕಳ್ಸಿದ್ದೆ ಮಾಮ. ನನ್ ತಪ್ಪು" ಅಂದ ಅವನು.

"ಹಂಗಾದ್ರೆ ಇವತ್ತೇ ಆ ಡ್ರಮ್ಮು ಒಡ್ದಾಕ್ಬುಡಿ!"

"ಸರಿ ಮಾಮ."

ಮೂರು ವರ್ಷ ಊಟ ನಿದ್ದೆ ಬಿಟ್ಟು ಕಟ್ಟಿದ್ದನ್ನು ಒಂದೇ ಮಾತಿಗೆ ಬಿಟ್ಟುಕೊಟ್ಟ. ಆಮೇಲೆ ನನ್ನ ಮುಖ ಒರೆಸಲು ಬಗ್ಗಿದವನು, ನನಗಷ್ಟೇ ಕೇಳುವಂತೆ ಅಂದ: "ಕೇಳಿದ್ರೆ ನಾನೇ ತೋರ್ಸ್ತಿದ್ನಲ್ಲ ಅಣ್ಣ."

ಥೂ, ಒಳ್ಳೆಯತನದಲ್ಲೂ ನನ್ನನ್ನು ಸೋಲಿಸಿಬಿಟ್ಟನಲ್ಲ! ನಾನು ಎದ್ದು ಕೂತೆ.

"ಮಾಮ, ತಂಬಿ ಕಳ್ಸಿಲ್ಲ. ನಾನೇ ಕದ್ದು ಹೋದೆ. ಹೊಟ್ಟೆಕಿಚ್ಚು ಮಾಮ, ಮೂರ್ ವರ್ಸದಿಂದ."

ಅಷ್ಟು ಜನರ ಮುಂದೆ ಅತ್ತುಬಿಟ್ಟೆ. ಮಾವ ನಮ್ಮಿಬ್ಬರನ್ನೂ ನೋಡಿ, "ಡ್ರಮ್ಮು ಇರ್ಲಿ ಬುಡಿ" ಎಂದು ಒಳಗೆ ಹೋದರು. ಅವನು ಬೊಬ್ಬೆ ಎದ್ದ ಕೈಯನ್ನೇ ನನ್ನತ್ತ ಚಾಚಿದ.

"ಏಳಣ್ಣ. ಎಷ್ಟು ಗಾಳಿ, ಎಷ್ಟು ಹಬೆ, ಎಲ್ಲಾ ತೋರ್ಸ್ತೀನಿ. ಬಾಗ್ಲು ಮಾತ್ರ ತೆಗ್ದಿರ್ಲಿ."