ಮಿರ್ಚಿ ಅಂಗಡಿಗೊಂದು ಇಂಗ್ಲಿಷ್ ಮಾತು

ಎಂದಿನಂಥ ಒಂದು ಸಂಜೆ. ಕೊಟ್ಟೂರಿನ ನಮ್ಮ ಅಂಗಡಿಯಲ್ಲಿ ನನ್ನ ಹೆಂಡತಿ ಗಿರಿಜಾ ಮಿರ್ಚಿ ಕರಿಯುತ್ತಿದ್ದಳು. ನಾನು ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದೆ.

"ಸಣ್ಣಗ ಹೆಚ್ಚರಿ ಮ್ಯಾನೇಜರ್ ಸಾಹೇಬ್ರ. ಮಂಡಕ್ಕಿಗೆ ಹಾಕೋದು, ದನಕ್ಕಲ್ಲ."

ಗಿರಾಕಿಗಳು ನಕ್ಕರು. ಮರುದಿನ ಬೆಳಿಗ್ಗೆ ಎದೆನೋವೆಂದು ಕುಳಿತವಳು ಮತ್ತೆ ಏಳಲಿಲ್ಲ, ಬಾಣಲೆಯ ಮುಂದೆ ನಿಲ್ಲಲಿಲ್ಲ.

ನನಗೆ ಈ ಮ್ಯಾನೇಜರ್ ಹುದ್ದೆ ಸಿಕ್ಕ ಕಥೆ ಹೇಳುತ್ತೇನೆ. ಅದರಲ್ಲಿ ನನ್ನ ಸಾಧನೆ ಏನೂ ಇಲ್ಲ.

ಮೊದಲು ನಮ್ಮದು ತಳ್ಳುಗಾಡಿ. ಬಸ್ಸಿಗೆ ಹೋಗುವವರು ನಿಂತೇ ತಿಂದು ಓಡುತ್ತಿದ್ದರು. ಜನ ಕುಳಿತು ತಿನ್ನಬೇಕು ಎಂಬುದೊಂದೇ ಗಿರಿಜಾಳ ಆಸೆ. "ನಿಂತು ತಿನ್ನೋರು ರುಚಿ ಹೆಂಗೈತಿ ಅಂತ ಹೇಳಂಗಿಲ್ಲರಿ" ಎನ್ನುತ್ತಿದ್ದಳು. ಕೊನೆಗೆ ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಸಣ್ಣ ಮಳಿಗೆ ಹಿಡಿದು ಬೆಂಚು ಹಾಕಿದೆವು. ಬೋರ್ಡಿನ ಹೊಣೆ ನಾನು ಹೊತ್ತೆ. ನಮ್ಮಿಬ್ಬರಲ್ಲಿ ಎಸ್ಸೆಸ್ಸೆಲ್ಸಿವರೆಗೆ ಹೋದವನು ನಾನು. ಪಾಸಾದೆನೇ ಎಂದು ಯಾರೂ ಕೇಳಲಿಲ್ಲ.

ಪೇಂಟರ್ ಬಾಷಾ ಕುಂಚ ಹಿಡಿದು ಕೇಳಿದ: "ಮಿರ್ಚಿ ಮುಂದ ಏನ್ ಬರೀಲಿ ಅಣ್ಣ? ಸೆಂಟರ್, ಹೌಸ್, ಕಾರ್ನರ್, ಪ್ಯಾಲೇಸ್, ಎಲ್ಲಾ ಒಂದ ರೇಟು."

ಒಂದೇ ರೇಟೆಂದ ಮೇಲೆ ದೊಡ್ಡದನ್ನೇ ತೆಗೆದುಕೊಳ್ಳುವುದು ಜಾಣತನ. ಪ್ಯಾಲೇಸ್ ಎಂದೆ.

"ಅರಮನಿ ಅಂದ್ರ ಜನ ಹೆದರತಾರ್ರಿ" ಎಂದಳು ಗಿರಿಜಾ.

"ಇಂಗ್ಲಿಷಿಂದು ನನಗ ಬಿಡು."

ಜನ ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಇಣುಕಿದರು, ರೇಟು ಕೇಳಲೂ ಅಂಜಿ ಎದುರಿನ ತಳ್ಳುಗಾಡಿಗೆ ಹೋದರು. ಒಳಗೆ ಬಂದದ್ದು ಹರಪನಹಳ್ಳಿ ಕಡೆಯ ಒಂದು ಹೆಣ್ಣು ನೋಡುವ ಬಳಗ. "ಫ್ಯಾಮಿಲಿ ರೂಮ್ ಎಲ್ಲೈತ್ರಿ?" ಎಂದರು. ಕಡಲೆಹಿಟ್ಟಿನ ಚೀಲದ ಹಿಂದಿನ ಜಾಗ ತೋರಿಸಿದೆ. ಹುಡುಗನ ತಾಯಿ, ಅಲ್ಲಿಗೆ ಕರೆತಂದಿದ್ದ ಹೆಣ್ಣಿನ ಕಡೆಯವರ ಮುಖ ನೋಡಿ, "ಇದು ನಿಮ್ಮ ಪ್ಯಾಲೇಸ್ ಆದ್ರ ಮದುವಿ ಎಲ್ಲಿ ಮಾಡ್ತೀರವ್ವಾ?" ಎಂದು ಹೊರಟೇಬಿಟ್ಟಳು.

ನಾನು ಅಳುಕಲಿಲ್ಲ. ಸೆಂಟರ್ ಎಂದು ಬರೆಸಿದೆ. ಜನ ಆಧಾರ್ ಕಾರ್ಡ್ ಹಿಡಿದು ಬಂದರು. ಒಬ್ಬ ಅಜ್ಜ ಹೆಬ್ಬೆರಳು ಚಾಚಿಕೊಂಡೇ ಬೆಂಚಿನಲ್ಲಿ ಕುಳಿತಿದ್ದ. ಗಿರಿಜಾ ಅವನ ಕೈಗೆ ಮಿರ್ಚಿ ಕೊಟ್ಟು, "ತಗೋರಿ ಅಜ್ಜಾರ, ಇದಕ್ಕ ಸರ್ವರ್ ಡೌನ್ ಆಗಂಗಿಲ್ಲ" ಎಂದಳು.

ಆಮೇಲೆ ಹೌಸ್. ಹಡಗಲಿ ಬಸ್ಸಿಗೆ ಕಾಯುವವರು ಗಂಟುಮೂಟೆ ಇಟ್ಟು, ನಮ್ಮ ನೀರಿನಲ್ಲಿ ಮುಖ ತೊಳೆದು, ಬೆಂಚಿನ ಮೇಲೆ ಮಲಗಿದರು. ಒಬ್ಬ ಗೊರಕೆಯನ್ನೂ ಹೊಡೆದ.

"ಸ್ವಾದರಮಾವನ ಮನಿಗೆ ಬಂದಂಗ ಬರ್ತಾರ. ಹೋಗೋವಾಗ ಬುತ್ತಿನೂ ಕಟ್ಟಲೇನ್ರಿ?" ಎಂದು ಕೇಳಿದಳು ಗಿರಿಜಾ.

ಬಾಷಾ ಮತ್ತೆ ಬಂದ. "ಅಣ್ಣ, ತಗಡಿಗಿಂತ ಬಣ್ಣನ ದಪ್ಪ ಆಗೈತಿ."

ಈ ಸಲ ಗಿರಿಜಾ ನನ್ನನ್ನು ಕೇಳಲಿಲ್ಲ. "ಕಾರ್ನರ್ ಅಂತ ಬರಿ ಬಾಷಾ."

"ನಮ್ಮ ಅಂಗಡಿ ಸಾಲಿನ ನಡುವೈತಲ್ಲ, ಮೂಲ್ಯಾಗೆಲ್ಲೈತಿ?" ಎಂದೆ.

"ಅಂಗಡಿ ಮಾತಲ್ರಿ. ದಣಿದು ಬಂದೋರಿಗೆ ಒಂದು ಮೂಲಿ ಬೇಕು. ಅಲ್ಲಿ ಕುಂತ್ರ ಯಾರೂ ಎಬ್ಬಸಬಾರದು."

ಯಾವ ಡಿಕ್ಷನರಿಯಲ್ಲೂ ಈ ಅರ್ಥ ಇರಲಾರದು. ಆದರೆ ಜನ ಬಂದರು, ಕುಳಿತರು, ರುಚಿಯನ್ನೂ ಹೇಳಿದರು. "ಉಪ್ಪು ಒಂಚೂರು ಮುಂದೈತವ್ವ" ಎಂದು ಒಬ್ಬಾಕೆ ಅಂದಾಗ ಗಿರಿಜಾ ಶಾಲು ಹೊದಿಸಿದಷ್ಟು ಹಿಗ್ಗಿದಳು.

ಬಾಷಾನಿಗೆ ಇನ್ನೊಂದು ಸಂದೇಹವಿತ್ತು. "ಕೆಳಗ ಓನರ್ ಅನ್ಲೋ, ಪ್ರೊಪ್ರೈಟರ್ ಅನ್ಲೋ?"

"ಓನರ್ ಅಂದ್ರ ಗಲ್ಲಾದ ಮುಂದ ಕುಂತಿರತಾನ. ಪ್ರೊಪ್ರೈಟರ್ ಅಂದ್ರ ಎಣ್ಣಿ ಮುಂದ ನಿಂತಿರತಾಳ. ನನ್ನ ಹೆಸರಿಗೆ ಅದನ್ನ ಹಾಕು. ಇವರು ಮ್ಯಾನೇಜರ್."

"ಮ್ಯಾನೇಜರ್ ಏನ್ ಮಾಡತಾನ?" ಎಂದೆ.

"ಹೇಳಿದ್ದು ಮಾಡತಾನ."

ಮೊನ್ನೆ ಬಾಷಾ ತಾನಾಗಿಯೇ ಡಬ್ಬಿ ಹಿಡಿದು ಬಂದ. "ಬಣ್ಣ ಮಾಸೈತಣ್ಣ. ಅಕ್ಕನ ಹೆಸರು..." ಎಂದು ತಡೆದು, "ಪ್ರೊಪ್ರೈಟರ್ ಅಂತ ನಿನ್ನ ಹೆಸರು ಹಾಕಲೇನು?" ಎಂದ.

ಈಗ ಎಣ್ಣೆಯ ಮುಂದೆ ನಿಲ್ಲುವವನು ನಾನೇ. ಆದರೂ ಆಗಷ್ಟೇ ಹೆಚ್ಚಿಟ್ಟಿದ್ದ ಈರುಳ್ಳಿಯನ್ನೊಮ್ಮೆ ನೋಡಿದೆ. ದನ ತಿನ್ನುವಷ್ಟು ದಪ್ಪವಿತ್ತು.

"ಬ್ಯಾಡ ಬಾಷಾ. ಇದ್ದದ್ದರ ಮ್ಯಾಲನ ತಿದ್ದು" ಎಂದೆ.

ಅವನು ಅವಳ ಹೆಸರನ್ನು ಕೆಂಪು ಬಣ್ಣದಲ್ಲಿ ತಿದ್ದಿ ಹೋದ. ಜನ ಬರುತ್ತಾರೆ, ಕುಳಿತು ತಿನ್ನುತ್ತಾರೆ. ಉಪ್ಪು ಹೆಚ್ಚಾದರೂ ನನಗೆ ಯಾರೂ ಹೇಳುವುದಿಲ್ಲ. ಅಂಗಡಿಯಲ್ಲಿ ಮ್ಯಾನೇಜರ್ ಇದ್ದಾನೆ. ಪ್ರೊಪ್ರೈಟರ್ ಇಲ್ಲ.