ಕ್ಯೋಟೋಗೆ ಹೊರಟಿದ್ದ ಗಂಜಿ

ಕೈಗೆ ಅಂಟಿದ ಅಭ್ಯಾಸವನ್ನು ಯಾವ ತರಬೇತಿಯೂ ಬಿಡಿಸಲಾರದು. ಅಂಟಿದ್ದನ್ನು ಬಿಡಿಸುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ನಾನು ನಾಚಿಕೆ ಬಿಟ್ಟು ಇದನ್ನು ಒಪ್ಪಿಕೊಳ್ಳುತ್ತಿದ್ದೇನೆ. ಹರಿದ ಹಳೆಯ ಕಾಗದಗಳ ಬೆನ್ನಿಗೆ ತೆಳ್ಳನೆಯ ಜಪಾನಿ ಕಾಗದ ಅಂಟಿಸಿ ಉಳಿಸುವುದು ನನ್ನ ಕಸುಬು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಅದನ್ನು ಕಲಿಯಲು ಮೈಸೂರಿನಿಂದ ಮ್ಯಾಂಚೆಸ್ಟರಿಗೆ ಹೋದಾಗ ಅಮ್ಮ ನೆಂಟರಿಗೆಲ್ಲ, "ಅಲ್ಲಿ ಪುಸ್ತಕಕ್ಕೆ ಬೈಂಡ್ ಹಾಕ್ತಾಳೆ" ಎಂದು ಹೇಳಿಕೊಂಡು ಬಂದಿದ್ದಳು.

ನಮಗೆ ಕಲಿಸಲು ಜಪಾನಿನಿಂದ ಬಂದಿದ್ದ ಹರುಮಿ ಮೇಡಂ ಮೊದಲ ಎರಡು ವಾರ ಕಾಗದ ಮುಟ್ಟಲೇ ಬಿಡಲಿಲ್ಲ. ಗೋಧಿಯ ಪಿಷ್ಟವನ್ನು ನೀರಲ್ಲಿ ಕದಡಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ತಿರುವಿ ಅಂಟು ಮಾಡುವುದೇ ಪಾಠ. ನನ್ನದು ಪ್ರತಿ ಸಲವೂ ಗಂಟು ಗಂಟು. ಅವರು ಬೈಯುತ್ತಿರಲಿಲ್ಲ, ಪಾತ್ರೆ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಬೈದಿದ್ದರೇ ವಾಸಿಯಿತ್ತು. ಕೊನೆಯ ಪರೀಕ್ಷೆಗೆ ನಾವೇ ಕಾಯಿಸಿದ ಅಂಟಿನಿಂದ ಒಂದು ಹರಿದ ನಕ್ಷೆಯನ್ನು ಸರಿಮಾಡಬೇಕು. ಗೆದ್ದ ಒಬ್ಬರಿಗೆ ಆರು ತಿಂಗಳು ಕ್ಯೋಟೋದಲ್ಲಿ ತರಬೇತಿ. ನನಗೆ ಆ ಕ್ಯೋಟೋ ಬೇಕೇ ಬೇಕಿತ್ತು.

ಹಿಂದಿನ ದಿನ ಫಾಲೋಫೀಲ್ಡ್ ಬಡಾವಣೆಯ ಬಾಡಿಗೆ ಮನೆಯಲ್ಲೇ ಅಂಟು ಕಾಯಿಸಿದೆ. ಒಂದು ಗಂಟೂ ಇಲ್ಲ! ಸ್ಟೀಲ್ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟೆ. ಬೆಳಗ್ಗೆ ನೋಡಿದರೆ ಡಬ್ಬಿ ತೊಳೆದು ಬೋರಲು ಹಾಕಿದೆ. ಮನೆಯಲ್ಲಿದ್ದ ಇನ್ನೊಬ್ಬಳು ಗಿರಿಜಕ್ಕ, ಹೆಚ್ಚಿನ ಓದಿಗೆ ಬಂದಿದ್ದ ಡಾಕ್ಟರು. ಎಲ್ಲರೆದುರು ಬೆಂಗಳೂರು ಕನ್ನಡ ಆಡುವ ಅಕ್ಕನಿಗೆ ಜ್ವರ ಬಂದರೆ ಮಾತ್ರ ಧಾರವಾಡದ ಮಾತು ಬರುತ್ತಿತ್ತು. ಎರಡು ದಿನದಿಂದ ಎರಡೂ ಬಂದಿದ್ದವು.

"ಗಂಜಿ ಎಷ್ಟ್ ಛಲೋ ಮಾಡಿದ್ದಿಯವಾ! ಉಪ್ಪಿನಕಾಯಿ ಹಚ್ಕೊಂಡು ಎಲ್ಲಾ ಉಂಡೆ. ಉಪ್ಪೊಂದು ಹಾಕೋದು ಮರ್ತಿದ್ದಿ ನೋಡು."

"ಅಕ್ಕಾ, ಅದು ಅಂಟು!"

ಗಿರಿಜಕ್ಕ ಒಂದು ಗಳಿಗೆ ಹೊಟ್ಟೆ ಮುಟ್ಟಿಕೊಂಡಳು. "ಅದಕ್ಕ ಗಟ್ಟಿ ಕುಂತೈತಿ. ಜ್ವರಾನೂ ಬಿಟ್ಟೈತಿ ಬಿಡು."

ನಗಲೋ ಅಳಲೋ? ಮತ್ತೆ ಒಲೆ ಹಚ್ಚಿದೆ. ಶಾಲು ಹೊದ್ದ ಅಕ್ಕ ಪಕ್ಕದಲ್ಲೇ ನಿಂತು, "ತಪ್ಪಾತವಾ, ತಪ್ಪಾತು" ಎನ್ನುತ್ತಲೇ ಇದ್ದಳು. ಈ ಸಲವೂ ಗಂಟಿಲ್ಲ. ಡಬ್ಬಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತಾಗ ಥಟ್ಟನೆ ನೆನಪಾಯಿತು. ಒಲೆಯಿಂದ ಇಳಿಸುವ ಮುಂಚೆ, ಅಡುಗೆಯ ಅಭ್ಯಾಸದಲ್ಲಿ, ಬೆರಳುಗಳು ಏನೋ ಹಾಕಿದ್ದವಲ್ಲ? ನೆಕ್ಕಿ ನೋಡಿದೆ. ಉಪ್ಪು. ಅದೂ ಹದವಾಗಿ.

ಹರುಮಿ ಮೇಡಂ ನಕ್ಷೆಯನ್ನು ನನ್ನೆದುರು ಹಾಸಿದರು. ಉಪ್ಪು ತೇವ ಎಳೆಯುತ್ತದೆ, ಕಾಗದ ಕೆಡುತ್ತದೆ. ಆದರೆ ಅದು ಗೊತ್ತಾಗಲು ವರ್ಷಗಳೇ ಬೇಕು, ಅಷ್ಟರಲ್ಲಿ ನಾನು ಕ್ಯೋಟೋ ನೋಡಿ ಬಂದಿರುತ್ತೇನೆ. ಕುಂಚವನ್ನು ಅದ್ದಿಯೂ ಬಿಟ್ಟೆ. ನಕ್ಷೆಯ ಅಂಚಿನಲ್ಲಿ ಯಾರೋ ಪೆನ್ಸಿಲ್ಲಿನಲ್ಲಿ ತಮ್ಮ ಮನೆಗೆ ಸುತ್ತು ಹಾಕಿದ್ದರು. ಕೈ ಏಳಲಿಲ್ಲ. ಕುಂಚ ಕೆಳಗಿಟ್ಟು, ಗಿರಿಜಕ್ಕನ ಜ್ವರದಿಂದ ಶುರುಮಾಡಿ ಎಲ್ಲ ಹೇಳಿದೆ. ಮೇಡಂ ಬೆರಳ ತುದಿಯಲ್ಲಿ ರುಚಿ ನೋಡಿ ಮೊದಲ ಬಾರಿಗೆ ಜೋರಾಗಿ ನಕ್ಕರು. "ಚೆನ್ನಾಗಿದೆ. ಆದರೆ ನಕ್ಷೆಗೆ ಜ್ವರವಿಲ್ಲ" ಎಂದರು. ಕ್ಯೋಟೋಗೆ ಲೀಡ್ಸಿನ ಹುಡುಗಿ ಹೋದಳು. ನಾನು ಬಸ್ಸಿನಲ್ಲಿ ಅತ್ತೆ. ಮನೆಯಲ್ಲಿ ಅಕ್ಕ ಚಿಪ್ಸ್ ತಂದಿಟ್ಟುಕೊಂಡು ಕಾಯುತ್ತಿದ್ದಳು.

ಆ ಮನೆ, ಆ ಒಲೆ ಈಗಲೂ ಬಹಳ ನೆನಪಾಗುತ್ತವೆ. ಗಿರಿಜಕ್ಕ ಲೆಸ್ಟರಿನಲ್ಲಿ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರು. ನಾನು ಬರ್ಮಿಂಗ್‌ಹ್ಯಾಮಿನಲ್ಲಿ ಕಾಗದ ಅಂಟಿಸುತ್ತಿದ್ದೇನೆ. ಕೆಲಸದ ಜಾಗದ ಒಲೆಯನ್ನು ನಂಬದೆ ಇಂದಿಗೂ ಅಂಟನ್ನು ಮನೆಯಲ್ಲೇ ಕಾಯಿಸುತ್ತೇನೆ. ಹೋದ ತಿಂಗಳು ನನಗೂ ಜ್ವರ ಬಂತು. ಫ್ರಿಜ್ಜಿನಿಂದ ಸ್ಟೀಲ್ ಡಬ್ಬಿ ತೆಗೆದು, ಬಿಸಿಮಾಡಿ, ಉಪ್ಪಿನಕಾಯಿ ಹಚ್ಚಿಕೊಂಡು ಉಂಡೆ. ಅದು ಅಂಟು ಎಂದು ತಳ ಕೆರೆಯುವಾಗ ಗೊತ್ತಾಯಿತು. ಲೆಸ್ಟರಿಗೆ ಫೋನ್ ಮಾಡಿ, "ಅಕ್ಕಾ, ನೀನು ಅವತ್ತು ಹೇಳಿದ್ದು ನಿಜ. ಗಂಜಿ ಚೆನ್ನಾಗೇ ಮಾಡ್ತೀನಿ, ಉಪ್ಪೊಂದು ಇರಲ್ಲ" ಎಂದೆ.