ಹಳಿಯಿಲ್ಲದ ಪಿಸ್ತೂಲು

ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಬೆಳಿಗ್ಗೆ ಚಂದ್ರವ್ವ ಒಂದು ಫೋಟೊ ತೆಗೆದು ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಹಾಕದೇ ಇದ್ದಿದ್ದರೆ, ಸಿದ್ದಲಿಂಗಪ್ಪನ ಮೂರ್ಖತನ ಇನ್ನೂ ಹತ್ತು ವರ್ಷ ಮನೆಯೊಳಗೇ ಸುಖವಾಗಿ ಇರುತ್ತಿತ್ತು. ಫೋಟೊದಲ್ಲಿ ಒಂದು ದೊಡ್ಡ ತಟ್ಟೆ. ತಟ್ಟೆಯಲ್ಲಿ ಕಾರಿನ ಕೀಲಿ, ಸ್ಕ್ರೂಡ್ರೈವರು, ಈಳಿಗೆ, ಮಿಕ್ಸಿಯ ಜಾರು, ಗಂಡನ ಏರ್‌ಪೋರ್ಟ್ ಪಾಸು. ಇವೆಲ್ಲದರ ನಡುವೆ ವಿಭೂತಿ ಬಳಿದುಕೊಂಡು, ಕುಂಕುಮ ಇಟ್ಟುಕೊಂಡು, ನೆತ್ತಿಯ ಮೇಲೆ ಚೆಂಡುಹೂ ಹೊತ್ತು ಒಂದು ಪಿಸ್ತೂಲು ಕುಳಿತಿತ್ತು.

ಗಾಬರಿ ಬೇಡ, ಪ್ಲಾಸ್ಟಿಕ್ಕಿನದು. ಬಣ್ಣ ಗಿಳಿ ಹಸಿರು. ಫೆಲ್ಥಮ್‌ನ ಹಳೇ ಸಾಮಾನು ಮಾರುವ ಚಾರಿಟಿ ಅಂಗಡಿಯಲ್ಲಿ ಕಿವಿ ಹರಿದ ಕರಡಿಗೊಂಬೆಯ ಕೆಳಗಿಂದ ಎಳೆದು ತಂದದ್ದು. ಅದನ್ನು ತೋರಿಸಿ ಪಾರಿವಾಳವನ್ನು ಓಡಿಸುವುದೂ ಸಾಧ್ಯವಿರಲಿಲ್ಲ.

ಸಿದ್ದಲಿಂಗಪ್ಪ ವಿಜಯಪುರದ ಕಡೆಯವನು. ಹೀಥ್ರೋ ವಿಮಾನ ನಿಲ್ದಾಣದ ಅಂಚಿನ ಒಂದು ಸರಕಿನ ಶೆಡ್ಡಿನಲ್ಲಿ ಹದಿನಾಲ್ಕು ವರ್ಷ ಪೆಟ್ಟಿಗೆ ಎತ್ತಿ ಸೊಂಟ ಕಳೆದುಕೊಂಡವನು. ಜನ್ಮದಲ್ಲಿ ನಿಜವಾದ ಪಿಸ್ತೂಲು ಮುಟ್ಟಿರಲಿಲ್ಲ, ಮುಟ್ಟುವ ಸಂಭವವೂ ಇರಲಿಲ್ಲ. ಅವನಿದ್ದ ದೇಶದಲ್ಲಿ ಸಾಮಾನ್ಯ ಜನ ಪಿಸ್ತೂಲು ಇಟ್ಟುಕೊಳ್ಳುವಂತೆಯೇ ಇಲ್ಲ. ಆದರೆ ವಸ್ತು ಇಲ್ಲದ ಕಡೆಯಲ್ಲೇ ಅಭಿಪ್ರಾಯ ದಟ್ಟವಾಗಿ ಬೆಳೆಯುತ್ತದಲ್ಲ, ಹಾಗೆ ಅವನಿಗೂ ಒಂದು ಬೆಳೆದಿತ್ತು.

ಈಗಿನ ಪಿಸ್ತೂಲುಗಳಲ್ಲಿ ನಳಿಗೆಯ ಕೆಳಗೆ ಟಾರ್ಚು ಗೀರ್ಚು ಸಿಕ್ಕಿಸಲು ಒಂದು ಕಚ್ಚು ಕಚ್ಚಿನ ಪಟ್ಟಿ ಇರುತ್ತದೆ. ಇಂಗ್ಲಿಷಿನವರು ಅದನ್ನು ರೇಲ್ ಎನ್ನುತ್ತಾರೆ, ಸಿದ್ದಲಿಂಗಪ್ಪ ಹಳಿ ಎನ್ನುತ್ತಿದ್ದ. ಹಳಿ ಇರುವ ಪಿಸ್ತೂಲನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ, ಅದರಿಂದ ಪಿಸ್ತೂಲಿನ ಅಂದವೇ ಹೋಗುತ್ತದೆ ಎಂಬುದು ಅವನ ವಾದ. ಚಾರಿಟಿ ಅಂಗಡಿಯ ಆಟಿಕೆಗೂ ಹಳಿ ಇತ್ತು. ಮನೆಗೆ ತಂದ ದಿನವೇ ಅದನ್ನು ಗರಗಸದಿಂದ ಕೊಯ್ದು, ಉಜ್ಜುಕಾಗದದಿಂದ ತಿಕ್ಕಿ, ಗಂಡುಮಗುವಿಗೆ ಜವಳ ತೆಗೆಸಿದ ತಂದೆಯಂತೆ ತೃಪ್ತನಾಗಿದ್ದ.

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಇಂಟರ್ನೆಟ್ಟಿನಲ್ಲಿ ಪಿಸ್ತೂಲು ಪ್ರೇಮಿಗಳದೊಂದು ವೇದಿಕೆ ಇತ್ತು. ಅಲ್ಲಿ 'ಫೆಲ್ಥಮ್ ಹುಲಿ' ಎಂಬ ಹೆಸರಿನಲ್ಲಿ, ಶೆಡ್ಡಿನ ಚಹಾ ವಿರಾಮಗಳಲ್ಲಿ, ಹಳಿಯ ವಿರುದ್ಧ ನಾನೂರಾ ಹನ್ನೆರಡು ಬರಹ ಬರೆದಿದ್ದ. ಚಹಾದ ಮೇಜಿನ ಆಚೆ ಬದಿಗೆ ಕೂತು ಹಳಿಯ ಪರವಾಗಿ ಬಾಯಲ್ಲೇ ಕಾದಾಡುತ್ತಿದ್ದವನು ಉದಯಶಂಕರ್. ಬೆಂಗಳೂರಿನವನು, ಅದೇ ಶೆಡ್ಡಿನ ಸಹೋದ್ಯೋಗಿ, ಮೇಲಿನ ಫ್ಲ್ಯಾಟಿನ ನೆರೆಯವನು. ಅವನೂ ಪಿಸ್ತೂಲು ಮುಟ್ಟಿದವನಲ್ಲ. "ಹಳಿ ಇಲ್ದಿದ್ರೆ ಟಾರ್ಚ್ ಎಲ್ಲಿ ಹಾಕ್ತೀರಾ ಸಾರ್?" ಎಂದು ಮೂರು ವರ್ಷದಿಂದ ಕೇಳುತ್ತಿದ್ದ. ಇಬ್ಬರ ಮನೆಯಲ್ಲೂ ಟಾರ್ಚು ಕೂಡ ಇರಲಿಲ್ಲ.

ಹತ್ತು ಗಂಟೆಗೆ, ಹಬ್ಬಕ್ಕೆಂದು ರಜೆ ಹಾಕಿದ್ದ ಸಿದ್ದಲಿಂಗಪ್ಪನ ಫೋನಿಗೆ ಶೆಡ್ಡಿನ ಭದ್ರತಾ ವಿಭಾಗದ ಮ್ಯಾನೇಜರ್ ಮಿಸೆಸ್ ಹಾರ್ಟ್ಲಿಯ ಮೇಲ್ ಬಂತು. ಮೂರೇ ಸಾಲು. ಪಿಸ್ತೂಲುಗಳ ಬಗ್ಗೆ ಇಂಟರ್ನೆಟ್ಟಿನಲ್ಲಿ ಬಂದಿರುವ ಕೆಲವು ಬರಹಗಳ ವಿಷಯ ಮಾತಾಡಬೇಕಾಗಿದೆ. ಇಂದು ಮಧ್ಯಾಹ್ನ ಮೂರಕ್ಕೆ ಬನ್ನಿ. ನಿಮ್ಮ ಪಾಸು ತಪ್ಪದೆ ತನ್ನಿ.

ಸಿದ್ದಲಿಂಗಪ್ಪ ಕೊನೆಯ ಸಾಲನ್ನೇ ಮತ್ತೆ ಮತ್ತೆ ಓದಿದ. ಪಾಸು ಎಂದರೆ ಕೆಲಸ. ಅದು ಹೋದರೆ ಆ ನಿಲ್ದಾಣದ ಯಾವ ಗೇಟಿನೊಳಗೂ ಅವನನ್ನು ಬಿಡುವವರಿಲ್ಲ, ಐವತ್ತರ ಹತ್ತಿರದ ಸೊಂಟಮುರುಕನಿಗೆ ಬೇರೆ ಕೆಲಸ ಕೊಡುವವರೂ ಇಲ್ಲ. ಪಿಸ್ತೂಲಿನ ಮೇಲೆ ಹುಲಿಯಂತೆ ಬರೆದವನು ಅಡುಗೆಮನೆಯ ಸ್ಟೂಲಿನ ಮೇಲೆ ಕುಸಿದು ಕುಳಿತ.

"ಆ ಫೋಟೊ ಗುಂಪಿಗೆ ಯಾಕ ಹಾಕಿದಿ?" ಎಂದ.

"ಯಾಕ್ರಿ, ಮಂದಿ ಕಾರಿಂದು ಹಾಕತಾರ, ನಾ ನಮ್ಮದು ಹಾಕೀನಿ," ಎಂದಳು ಚಂದ್ರವ್ವ. "ನೂರಾ ಆರು ಮಂದಿ ಕೈ ಮುಗದಾರ."

ಅಷ್ಟರಲ್ಲಿ ಬಾಗಿಲು ತಟ್ಟಿ ಉದಯಶಂಕರ್ ಒಳಗೆ ಬಂದ. ಅವನದು ಅಂದು ಸಂಜೆ ಪಾಳಿ. ಫೋಟೊ ನೋಡಿ, ಹಳಿ ಕೊಯ್ದದ್ದಕ್ಕೆ ಎರಡು ಮಾತು ಆಡಿ ಹೋಗೋಣ ಎಂದು ಬಂದವನಿಗೆ ಇನ್ನೂ ರುಚಿಯಾದ ಸುದ್ದಿ ಸಿಕ್ಕಿತು. ಮೇಲನ್ನು ಎರಡು ಸಲ ಓದಿದ.

"ಪಾಸ್ ತನ್ನಿ ಅಂದಿದಾರೆ ಅಂದ್ರೆ ಕಿತ್ಕೊಳ್ಳೋಕೇ ಸಾರ್. ಬೇರೆ ಏನಕ್ಕೆ?" ಎಂದು ಕುರ್ಚಿ ಎಳೆದುಕೊಂಡ. "ನೀವು ಅಲ್ಲಿ ಕೂತಿರ್ತೀರಾ, ಇಲ್ಲಿ ಪೊಲೀಸ್ನೋರು ಮನೆ ಸರ್ಚ್ ಮಾಡ್ತಾರೆ. ಮೊದ್ಲು ಆ ಪಿಸ್ತೂಲು ಆಚೆ ಸಾಗ್ಸಿ. ಆಮೇಲೆ ಆ ಬರಹ ಎಲ್ಲಾ ಅಳಿಸ್ಬಿಡಿ. ಕೇಳಿದ್ರೆ, ಪಿಸ್ತೂಲು ಅಂದ್ರೆ ಏನು ಅಂತಾನೇ ಗೊತ್ತಿಲ್ಲ ಅನ್ನಿ."

ಉದಯಶಂಕರ್ ಬೇರೆಯವರ ಕಷ್ಟದಲ್ಲಿ ಸಲಹೆ ಕೊಡುವುದಕ್ಕೆಂದೇ ಹುಟ್ಟಿದ ಜಾತಿಯವನು. ಸಿದ್ದಲಿಂಗಪ್ಪ ಅಂಥ ಸಲಹೆಯನ್ನು ಪಾಲಿಸುವುದಕ್ಕೆಂದೇ ಹುಟ್ಟಿದವನು. ತಕ್ಷಣ ತಟ್ಟೆಗೆ ಕೈ ಹಾಕಿದ. ಚಂದ್ರವ್ವ ಆ ಕೈಗೆ ಒಂದು ಏಟು ಹಾಕಿದಳು.

"ಪೂಜಿಗೆ ಇಟ್ಟದ್ದನ್ನ ನಾಳೆ ಬನ್ನಿ ಮುಡಿಯೂತನಾ ಎತ್ತಂಗಿಲ್ರಿ. ನಮ್ಮತ್ತಿ ಇದ್ದಾಗಿಂದ ನಡದದ."

"ಏ, ಕೆಲಸ ಹೋಗತದ!"

"ಎತ್ತಿದ್ರ ಅದೂ ಹೋಗತದ, ಇದ್ದದ್ದೂ ಹೋಗತದ. ಸುಮ್ನ ಕೂಡ್ರಿ."

ಸುಮ್ಮನೆ ಕೂರಲಾಗದೆ ಅವನು ಬರಹ ಅಳಿಸಲು ಕೂತ. ವೇದಿಕೆಯವರು ಜಾಣರು, ಒಮ್ಮೆ ಬರೆದದ್ದನ್ನು ಅಳಿಸುವ ವ್ಯವಸ್ಥೆಯನ್ನೇ ಇಟ್ಟಿರಲಿಲ್ಲ. ಹೊಸದಾಗಿ ಬರೆಯಲು ಮಾತ್ರ ಅವಕಾಶ. ಉದಯಶಂಕರ್ ಹೆಗಲ ಮೇಲಿಂದ ಬಗ್ಗಿ ಹೇಳಿಕೊಟ್ಟಂತೆ ಫೆಲ್ಥಮ್ ಹುಲಿ ನಾನೂರಾ ಹದಿಮೂರನೆಯ ಬರಹ ಬರೆಯಿತು: ನನಗೆ ಪಿಸ್ತೂಲಿನ ಬಗ್ಗೆ ಏನೂ ತಿಳಿಯದು, ಹಳಿ ಇದ್ದರೂ ಒಳ್ಳೆಯದೇ. ಎರಡು ನಿಮಿಷದಲ್ಲಿ ಅಮೆರಿಕದಿಂದ ಒಬ್ಬ, ಇದು ಮೊದಲೇ ಗೊತ್ತಿತ್ತು ಎಂದು ಉತ್ತರಿಸಿದ. ಅದನ್ನು ಎಪ್ಪತ್ತು ಜನ ಮೆಚ್ಚಿದರು. ಸಿದ್ದಲಿಂಗಪ್ಪನಿಗೆ ಕೆಲಸ ಹೋಗುವ ಭಯದ ನಡುವೆಯೂ ಕಣ್ಣಲ್ಲಿ ನೀರು ಬಂತು. ಮೂರು ವರ್ಷದಲ್ಲಿ ಅವನ ಯಾವ ಬರಹವನ್ನೂ ಏಳಕ್ಕಿಂತ ಹೆಚ್ಚು ಜನ ಮೆಚ್ಚಿರಲಿಲ್ಲ.

ಎರಡು ಗಂಟೆಗೆ, ಉದಯಶಂಕರ್ ಮೇಲಕ್ಕೆ ಹೋದ ಮೇಲೆ, ಚಂದ್ರವ್ವ ಪಾಯಸಕ್ಕೆ ಗಸಗಸೆ ಹುರಿಯಲು ಒಳಗೆ ಹೋದಳು. ಸಿದ್ದಲಿಂಗಪ್ಪ ತಟ್ಟೆಯಿಂದ ಪಾಸನ್ನು ಜೇಬಿಗೆ ಇಳಿಸಿ, ಪಿಸ್ತೂಲನ್ನು ಹೂವಿನ ಸಮೇತ ಹೋಳಿಗೆ ಡಬ್ಬಿಗೆ ಹಾಕಿ, ಬೂಟು ಕೈಯಲ್ಲಿ ಹಿಡಿದು ಮನೆಯಿಂದ ಹೊರಬಿದ್ದ. ಬಸ್ ಸ್ಟಾಪಿನಲ್ಲಿ ಕೌನ್ಸಿಲ್ಲಿನ ಕಸದ ಡಬ್ಬಿ ಇತ್ತು. ಆದರೆ ಅದರ ತಲೆಯ ಮೇಲೆಯೇ ಕ್ಯಾಮೆರಾ ಒಂದು ಕತ್ತು ಬಗ್ಗಿಸಿ ನೋಡುತ್ತಿತ್ತು. ಅವನು ಕಸದ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕುವುದು, ಕ್ಯಾಮೆರಾ ನೋಡುವುದು, ತಲೆ ಕೆರೆದುಕೊಳ್ಳುವುದು, ಹೀಗೆ ನಾಲ್ಕು ಸಲ ಮಾಡಿದ. ಇನ್ನೂರಾ ಎಂಬತ್ತೈದನೆಯ ನಂಬರಿನ ಬಸ್ಸು ಬಂದೇ ಬಿಟ್ಟಿತು. ಹೊತ್ತಾಗುತ್ತದೆಂದು ಹತ್ತಿದ. ಕೂತ ಮೇಲೆಯೇ ಅವನಿಗೆ ಹೊಳೆದದ್ದು: ಪಿಸ್ತೂಲು ಬಚ್ಚಿಡಲು ಹೊರಟವನು ಅದನ್ನು ಸೀದಾ ವಿಮಾನ ನಿಲ್ದಾಣಕ್ಕೇ ಒಯ್ಯುತ್ತಿದ್ದ.

"ಅಯ್ಯೋ, ಸಿದ್ದಲಿಂಗಪ್ಪನೋರು!"

ಹಿಂದಿನ ಸೀಟಿನಲ್ಲಿ ಕೃಷ್ಣವೇಣಿಯಮ್ಮ. ಮೈಸೂರಿನವರು, ಹೌನ್ಸ್ಲೋದ ಡಾಕ್ಟರೊಬ್ಬರ ಹೆಂಡತಿ, ಕನ್ನಡ ಬಳಗದ ಕಾರ್ಯದರ್ಶಿ. ಬಳಗದಲ್ಲಿ ಯಾರ ಮನೆಯ ಸುದ್ದಿಯನ್ನೂ ಆ ಮನೆಯವರಿಗಿಂತ ಮೊದಲು ತಿಳಿದುಕೊಳ್ಳುವುದನ್ನು ಸೇವೆ ಎಂದು ನಂಬಿದವರು.

"ಉದಯಶಂಕರ್ ಎಲ್ಲಾ ಹೇಳಿದ್ರು. ಗುಂಪಿಗೂ ಹಾಕಿದೀನಿ, ಸಿದ್ದಲಿಂಗಪ್ಪನೋರ ಕೆಲಸ ಉಳೀಲಿ ಅಂತ ಎಲ್ಲಾರೂ ಪ್ರಾರ್ಥನೆ ಮಾಡಿ ಅಂತ. ಕ್ರೋಯ್ಡನ್‌ನೋರು ಆಗ್ಲೇ ಶುರು ಮಾಡಿದಾರೆ. ಅದೇನು ಡಬ್ಬಿ, ಹೋಳಿಗೇನಾ? ಸಾಹೇಬರಿಗೆ ಕೊಡೋಕಾ? ಎಲ್ಲಿ, ತೆಳ್ಳಗೆ ಬಂದಿದ್ಯಾ ನೋಡೋಣ."

"ಬ್ಯಾಡ್ರಿ, ಬ್ಯಾಡ್ರಿ..." ಎನ್ನುವಷ್ಟರಲ್ಲಿ ಅವರು ಡಬ್ಬಿ ಕಸಿದು ಮುಚ್ಚಳ ತೆಗೆದಾಗಿತ್ತು. ಒಳಗೆ ಕುಂಕುಮ ಹರಡಿ ಅಲ್ಲಲ್ಲಿ ಕೆಂಪಾದ ಹಸಿರು ಪಿಸ್ತೂಲು. ಕೃಷ್ಣವೇಣಿಯಮ್ಮ ಬೆಳಿಗ್ಗೆ ಅದೇ ಫೋಟೊಗೆ ಮೂರು ಸಲ ಕೈ ಮುಗಿದಿದ್ದವರು. ಆದರೂ ಕಿಟಕಿಯ ಗಾಜು ಅದುರುವಂತೆ ಕಿರುಚಿದರು. ಡ್ರೈವರು ಬಸ್ಸು ನಿಲ್ಲಿಸಿದ. ಎಲ್ಲರೂ ತಿರುಗಿದರು. ಸಿದ್ದಲಿಂಗಪ್ಪ ಯಾರೂ ಹೇಳದೆಯೇ ಎರಡೂ ಕೈ ಮೇಲೆತ್ತಿ ನಿಂತ.

ಪಕ್ಕದ ಸೀಟಿನ ಇಂಗ್ಲಿಷ್ ಅಜ್ಜಿ ಕನ್ನಡಕ ಏರಿಸಿ ಡಬ್ಬಿಯೊಳಗೆ ಇಣುಕಿದಳು. "ಒಳ್ಳೇ ಹಸಿರು. ಮೊಮ್ಮಗನಿಗಾ?" ಎಂದಳು. ಡ್ರೈವರು ಬೈದುಕೊಂಡು ಬಸ್ಸು ಬಿಟ್ಟ. ಕೈ ಎತ್ತಿ ನಿಂತವನ ಕಡೆ ಆಮೇಲೆ ಯಾರೂ ನೋಡಲಿಲ್ಲ. ನಾಚಿಕೆಯಿಂದ ಅವನೇ ಕೈ ಇಳಿಸಿದ.

"ಪೂಜೆ ಆಗಿರೋದನ್ನ ಬಿಸಾಡಬಾರ್ದು. ನನ್ಹತ್ರ ಇರ್ಲಿ, ನೀವು ಹೋಗಿ ಬನ್ನಿ," ಎಂದು ಕೃಷ್ಣವೇಣಿಯಮ್ಮ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು. ಆಗಲೇ ಅವರ ಹೆಬ್ಬೆರಳು ಫೋನಿನ ಮೇಲೆ ಓಡುತ್ತಿತ್ತು.

ಮೂರು ಗಂಟೆಗೆ ಸರಿಯಾಗಿ ಸಿದ್ದಲಿಂಗಪ್ಪ ಮಿಸೆಸ್ ಹಾರ್ಟ್ಲಿಯ ಎದುರು ಕೂತಿದ್ದ. ಆಕೆ ಕುಂಕುಮ ಮೆತ್ತಿದ ಪಾಸನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಬೆರಳು ಒರೆಸಿಕೊಂಡು, ಮೇಜಿನ ಮೇಲೆ ಕಾಗದದ ಕಟ್ಟೊಂದನ್ನು ಇಟ್ಟಳು. ನಾನೂರಾ ಹದಿಮೂರು ಬರಹಗಳು, ಕ್ರಮವಾಗಿ ಅಚ್ಚು ಹಾಕಿಸಿದ್ದವು.

"ಇವತ್ತಿನದೊಂದು ಬಿಟ್ಟರೆ ಇವೆಲ್ಲ ನಮ್ಮ ಸಿಬ್ಬಂದಿ ಕೋಣೆಯ ವೈಫೈಯಿಂದ ಹೋಗಿವೆ," ಎಂದಳು. "ಫೆಲ್ಥಮ್ ಹುಲಿ ಅಂತ ಸಹಿ ಇದೆ. ನಮ್ಮ ಶೆಡ್ಡಿನಲ್ಲಿ ಫೆಲ್ಥಮ್‌ನವರು ಇಬ್ಬರೇ, ನೀವು ಮತ್ತು ಮಿಸ್ಟರ್ ಉದಯಶಂಕರ್. ನೀವೇ ಇರಬೇಕು ಅಂತ ನನ್ನ ಊಹೆ. ಹೌದಾ?"

ಹದಿನಾಲ್ಕು ವರ್ಷದ ಕೆಲಸ ಕಣ್ಣಮುಂದೆ ಬಂತು. ಮಾನ, ಮರ್ಯಾದೆ, ಮೂರು ವರ್ಷದ ಸಿದ್ಧಾಂತ ಎಲ್ಲವೂ ಬಾಗಿಲಾಚೆ ಹೋದವು. "ನಾನಲ್ಲ ಮೇಡಮ್," ಎಂದ. "ನನಗೆ ಪಿಸ್ತೂಲು ಅಂದರೆ ಏನಂತಲೇ ಗೊತ್ತಿಲ್ಲ. ಎಲ್ಲಾ ಆ ಉದಯಶಂಕರ್ ಬರೆದದ್ದು. ಚಹಾ ಕುಡಿಯುವಾಗ ಬೇರೆ ಮಾತೇ ಆಡುವುದಿಲ್ಲ ಆತ."

"ಖಂಡಿತವಾಗಿ?"

"ದೇವರಾಣೆ."

"ಹಾಗಾದರೆ ಬರೆದುಕೊಡಿ."

ಬರೆದ. ಸಹಿ ಹಾಕಿದ. ತಾರೀಕು ಕೂಡ ಹಾಕಿದ. ಸಲಹೆಗೆ ಸಲಹೆಗಾರನನ್ನೇ ಬಲಿಕೊಟ್ಟೆನಲ್ಲ ಎಂದು ಒಂದು ಗಳಿಗೆ ಬೇಸರವಾಯಿತು. ಮರುಗಳಿಗೆ, ಅವನು ಹೇಗಿದ್ದರೂ ಹಳಿಯ ಪಕ್ಷದವನಲ್ಲವೇ ಎಂದು ಸಮಾಧಾನವಾಯಿತು.

ಮಿಸೆಸ್ ಹಾರ್ಟ್ಲಿ ಕಾಗದವನ್ನು ಫೈಲಿಗೆ ಹಾಕಿ ನಿಟ್ಟುಸಿರು ಬಿಟ್ಟಳು. "ನಿಮ್ಮನ್ನು ಸುಮ್ಮನೆ ಕರೆಸಿದೆ, ಕ್ಷಮಿಸಿ. ಪಾರ್ಸೆಲ್ಲುಗಳಲ್ಲಿ ಪಿಸ್ತೂಲಿನ ಬಿಡಿಭಾಗಗಳು ಬರುತ್ತಿವೆ, ನಮ್ಮವರಿಗೆ ಪಿಸ್ತೂಲಿನ ಹಳಿಗೂ ಪರದೆ ಸಿಕ್ಕಿಸುವ ಪಟ್ಟಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಅದನ್ನು ಕಲಿಸಲು ಒಬ್ಬ ತರಬೇತುದಾರ ಬೇಕಾಗಿದೆ. ಹಗಲು ಕೆಲಸ, ಕೂತು ಮಾಡುವುದು, ಭಾರ ಎತ್ತುವುದಿಲ್ಲ. ಇಷ್ಟು ಶ್ರದ್ಧೆಯಿಂದ ಹಳಿಯ ಬಗ್ಗೆ ಬರೆದವನು ನಮ್ಮಲ್ಲೇ ಇದ್ದಾನೆ ಅಂತ ತಿಳಿದು ನನಗೆ ಎಷ್ಟು ಸಂತೋಷವಾಯಿತು ಗೊತ್ತಾ? ಪಾಸು ತರಲು ಹೇಳಿದ್ದು ಹೊಸದು ಮಾಡಿಸಿಕೊಡಲು."

ಸಿದ್ದಲಿಂಗಪ್ಪನ ಬಾಯಿ ತೆರೆದುಕೊಂಡಿತು. "ಮೇಡಮ್, ಅದು... ಕೆಲವೊಂದನ್ನು... ನಾನೇ..."

ಆಕೆ ಪೆನ್ನು ಕೆಳಗಿಟ್ಟಳು. "ಏನು? ಈಗ ಕೊಟ್ಟ ಹೇಳಿಕೆ ಸುಳ್ಳಾ? ಭದ್ರತಾ ವಿಭಾಗಕ್ಕೆ ಸುಳ್ಳು ಬರೆದುಕೊಟ್ಟವರ ಪಾಸನ್ನು ನಾನು ಅವತ್ತೇ ರದ್ದು ಮಾಡಬೇಕಾಗುತ್ತದೆ."

"ಇಲ್ಲ ಮೇಡಮ್. ನಿಜ. ಪೂರಾ ಅವರದೇ," ಎಂದ ಸಿದ್ದಲಿಂಗಪ್ಪ. ಕುಂಕುಮದ ಪಾಸನ್ನು ತೆಗೆದುಕೊಂಡು ಸೊಂಟ ಹಿಡಿದು ಎದ್ದ.

ಸಂಜೆ ಆರಕ್ಕೆ, ತಟ್ಟೆಯಿಂದ ಪಿಸ್ತೂಲು ಎತ್ತಿದ್ದಕ್ಕೆ ಚಂದ್ರವ್ವ ಬೈದು ಮುಗಿಸುವಷ್ಟರಲ್ಲಿ, ಬಾಗಿಲು ಸದ್ದಾಯಿತು. ಸೌತಾಲ್‌ನ ಅಂಗಡಿಯ ಪೇಡೆ ಡಬ್ಬಿ ಹಿಡಿದು ಉದಯಶಂಕರ್ ನಿಂತಿದ್ದ. ಕೊರಳಲ್ಲಿ ಹೊಸ ಪಾಸು. ಪಾಳಿಗೆ ಹೋದವನನ್ನು ಗೇಟಿನಿಂದಲೇ ಕರೆದು, ಕೆಲಸ ಕೊಟ್ಟು, ಅರ್ಧ ದಿನ ರಜೆಯನ್ನೂ ಕೊಟ್ಟು ಕಳಿಸಿದ್ದರು.

"ನೀವೇ ನನ್ನ ಹೆಸ್ರು ಹೇಳಿದ್ರಂತೆ. ಈ ಕಾಲದಲ್ಲಿ ಯಾರು ಹೇಳ್ತಾರೆ ಸಾರ್?" ಎಂದು ಅವನು ಸಿದ್ದಲಿಂಗಪ್ಪನ ಎರಡೂ ಕೈ ಹಿಡಿದುಕೊಂಡ. "ಸೋಮವಾರದಿಂದ ಎಲ್ಲಾರಿಗೂ ಕ್ಲಾಸು. ನೀವೂ ಬರ್ಲೇಬೇಕು, ಪಟ್ಟಿಯಲ್ಲಿದೀರಾ. ಪರೀಕ್ಷೆ ಇದೆ, ಪಾಸಾಗದೆ ಇರೋರನ್ನ ಪೆಟ್ಟಿಗೆ ಎತ್ತೋಕೆ ರಾತ್ರಿ ಪಾಳಿಗೆ ಹಾಕ್ತಾರಂತೆ. ನೀವೇನೂ ಹೆದರ್ಬೇಡಿ, ನಾನು ಹೇಳ್ಕೊಡ್ತೀನಿ."

"ಭಾಳ ಛಲೋ ಆತ್ ನೋಡ್ರಿ," ಎಂದಳು ಚಂದ್ರವ್ವ. "ಏನ್ ಕಲಸ್ತೀರಿ ಕ್ಲಾಸಿನ್ಯಾಗ?"

ಉದಯಶಂಕರ್ ಪೇಡೆಯೊಂದನ್ನು ಬಾಯಿಗೆ ಹಾಕಿಕೊಂಡು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಮಧ್ಯಾಹ್ನದಿಂದ ಆ ನಾನೂರಾ ಹದಿಮೂರು ಬರಹ ಅವನವೇ ಆಗಿದ್ದವು, ಅಷ್ಟರಲ್ಲೇ ಅವನು ಅವನ್ನು ನಂಬಿಯೂ ಆಗಿತ್ತು.

"ಪಿಸ್ತೂಲಿಗೆ ಹಳಿ ಇರ್ಬಾರ್ದು ಅಕ್ಕಾ. ಇದ್ರೆ ಅದ್ರ ಅಂದಾನೇ ಹೋಗುತ್ತೆ. ನಾನು ಮೊದಲಿಂದ್ಲೂ ಹೇಳ್ತಾನೇ ಬಂದಿದೀನಿ. ಅಲ್ವಾ ಸಾರ್?"

ಚಂದ್ರವ್ವ ಗಂಡನ ಮುಖ ನೋಡಿದಳು. ಸಿದ್ದಲಿಂಗಪ್ಪ ಡಬ್ಬಿಯಿಂದ ಒಂದು ಪೇಡೆ ತೆಗೆದುಕೊಂಡ.

"ಹೌದ್ರಿ," ಎಂದ.